ಹಳ್ಳಿಯ ಕಣ್ಣು, ಹೊರನಾಡಿನ ದಾರಿ

ಹುಣಸೂರು, ಕೃಷ್ಣರಾಜನಗರಗಳ ಹಿರಿಯರು ಇಂದು ಮಕ್ಕಳ ಮನೆಗೆಂದು ಅಮೆರಿಕಕ್ಕೆ ತೆರಳಿ ತಿಂಗಳುಗಟ್ಟಲೆ ತಂಗುತ್ತಾರೆ. ಹಿಂದಿರುಗಿ ಬರೆದವರ ಪುಟಗಳಲ್ಲಿ ಕಟ್ಟಡಗಳ ಎತ್ತರ, ಸೇತುವೆಗಳ ಉದ್ದ ಇವೇ ತುಂಬಿರುತ್ತವೆ; ಬರೆದವರು ಮಾತ್ರ ಕಾಣಸಿಗುವುದಿಲ್ಲ!

ಗೊರೂರು ರಾಮಸ್ವಾಮಿ ಅಯ್ಯಂಗಾರರ ದಾರಿಯೇ ಬೇರೆ. 1904ರಲ್ಲಿ ಹೇಮಾವತಿಯ ದಡದ ಗೊರೂರಿನಲ್ಲಿ ಜನಿಸಿ, ‘ಹಳ್ಳಿಯ ಚಿತ್ರಗಳು’ ಬರೆದು ಹೆಸರಾದ ಅವರು ಇಳಿವಯಸ್ಸಿನಲ್ಲಿ ಕಡಲು ದಾಟಿದರು. ‘ಅಮೆರಿಕದಲ್ಲಿ ಗೊರೂರು’ ಎಂಬ ಹೆಸರನ್ನೇ ನೋಡಿರಿ: ಕಂಡ ನಾಡಿನೊಡನೆ ಕಂಡವರೂ ಅಲ್ಲಿದ್ದಾರೆ, ಅವರ ಊರೂ ಇದೆ. 1980ರಲ್ಲಿ ಆ ಪ್ರವಾಸಕಥನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು.

ಎತ್ತರ ಉದ್ದಗಳನ್ನು ಇಂದು ಶಾಲೆಯ ಹುಡುಗನೂ ಹೇಳಿಯಾನು. ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಬೆಳೆದ ತಾತನವರು, ಅಯೋವಾದ ಮುಸುಕಿನಜೋಳದ ಹೊಲದಂಚಿನಲ್ಲಿ, ಮಾತನಾಡಿಸಲು ಒಬ್ಬ ಆಳೂ ಕಾಣದೆ ನಿಂತಾಗ ಏನೆಂದುಕೊಂಡರು? ಆ ಪುಟಕ್ಕಾಗಿ ನಾನು ಕಾದಿದ್ದೇನೆ.