ಬಾಣಕ್ಕೆ ಬಾಯಿ ಬಂದ ಕಥೆ

ಯಾವುದೇ ಸರ್ಕಾರಿ ಯೋಜನೆಯ ಜಾಲತಾಣ ತೆರೆಯಿರಿ, ಒಂದರ ಕೆಳಗೊಂದು ಪ್ರಶ್ನೆಗಳಿರುತ್ತವೆ. ಯಾರು ಅರ್ಹರು? ಯಾವ ದಾಖಲೆ ಬೇಕು? ಪಕ್ಕದಲ್ಲಿ ಪುಟ್ಟ ಬಾಣ. ಒತ್ತಿದರೆ ಉತ್ತರ ಬಿಚ್ಚಿಕೊಳ್ಳುತ್ತದೆ, ಮತ್ತೆ ಒತ್ತಿದರೆ ಮಡಚಿಕೊಳ್ಳುತ್ತದೆ. ಪುಟವನ್ನು ಕಿವಿಯಿಂದ ಓದುವವರ ಪಾಲಿಗೆ ಈ ಬಾಣ ಬಹಳ ವರ್ಷ ಮೂಕವಾಗಿತ್ತು.

ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ವೆಬ್‌ಗಿಂತ ಹಳೆಯದು. ಐಬಿಎಂನ ಜಿಮ್ ಥ್ಯಾಚರ್ 1980ರ ದಶಕದಲ್ಲೇ ಅಂಧ ಸಹೋದ್ಯೋಗಿ ಜೆಸ್ಸಿ ರೈಟ್ ಅವರಿಗಾಗಿ ಇಂಥದ್ದೊಂದನ್ನು ರೂಪಿಸಿದ್ದರು. 1989ರಲ್ಲಿ ಜಾಸ್ ಎಂಬ ಸ್ಕ್ರೀನ್ ರೀಡರ್ ಬಂತು. ಅದನ್ನು ತಂದ ಟೆಡ್ ಹೆಂಟರ್ ಒಂದು ಕಾಲದ ಮೋಟಾರ್‌ಸೈಕಲ್ ರೇಸರ್, ಕಾರು ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡವರು. ಆರಂಭದ ವೆಬ್ ಪುಟಗಳು ಇದ್ದಲ್ಲೇ ಇರುತ್ತಿದ್ದವು. 1995ರಲ್ಲಿ ಜಾವಾಸ್ಕ್ರಿಪ್ಟ್ ಬಂದಮೇಲೆ ಪುಟ ಕಣ್ಣೆದುರೇ ಬದಲಾಗತೊಡಗಿತು, ತೊಡಕು ಶುರುವಾದದ್ದು ಆಗ.

ತಪ್ಪು ಜಾವಾಸ್ಕ್ರಿಪ್ಟಿನದಲ್ಲ. ಪುಟ ಕಟ್ಟುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಬಟನ್ ಇದ್ದರೂ, ಅದರ ಚಹರೆ ತಮ್ಮ ವಿನ್ಯಾಸಕ್ಕೆ ಒಗ್ಗದೆಂದು ಡೆವಲಪರ್‌ಗಳು ‘ಡಿವ್’ ಎಂಬ ಅರ್ಥವಿಲ್ಲದ ಡಬ್ಬಿಗೆ ಬಾಣ ಅಂಟಿಸಿ, ಮೌಸ್ ಕ್ಲಿಕ್ಕಿಗೆ ಓಗೊಡುವಂತೆ ಮಾಡಿದರು. ಟ್ಯಾಬ್ ಕೀ ಒತ್ತುತ್ತಾ ಹೋದರೆ ಆ ಡಬ್ಬಿಯ ಮೇಲೆ ನಿಲ್ಲುವುದೇ ಇಲ್ಲ. ಸ್ಕ್ರೀನ್ ರೀಡರ್ ‘ಯಾವ ದಾಖಲೆ ಬೇಕು’ ಎಂದು ಓದಿ ಮುಂದಕ್ಕೆ ಹೋಗುತ್ತದೆ. ಇದು ಒತ್ತುವಂಥದ್ದೆಂದೂ, ಒಳಗೆ ಉತ್ತರವಿದೆಯೆಂದೂ ಕೇಳುವವರಿಗೆ ಗೊತ್ತಾಗುವ ಬಗೆಯೇ ಇರಲಿಲ್ಲ. ಕೆಲವೆಡೆ ಇದರ ತದ್ವಿರುದ್ಧ: ಉತ್ತರದ ಎತ್ತರವನ್ನು ಸೊನ್ನೆ ಮಾಡಿ ಮರೆಮಾಚಿರುತ್ತಾರೆ. ಕಣ್ಣಿಗೆ ಮುಚ್ಚಿದ್ದು ಕಿವಿಗೆ ಪೂರ್ತಿ ತೆರೆದಿರುತ್ತದೆ.

2005ರಲ್ಲಿ ಐಬಿಎಂ ಇದಕ್ಕೊಂದು ಪರಿಹಾರವನ್ನು ಫೈರ್‌ಫಾಕ್ಸ್ ಬ್ರೌಸರ್‌ಗೆ ಕೊಡುಗೆಯಾಗಿ ಕೊಟ್ಟಿತು. ರಿಚ್ ಶ್ವೆರ್ಡ್ಟ್‌ಫೆಗರ್ ಮುಂದಾಳಾಗಿದ್ದ ಆ ಕೆಲಸವೇ ಬೆಳೆದು ‘ಏರಿಯಾ’ ಎಂಬ ಮಾನದಂಡವಾಯಿತು. ವೆಬ್ ಮಾನದಂಡಗಳ ಸಂಸ್ಥೆಯಾದ ಡಬ್ಲ್ಯು3ಸಿ ಅದಕ್ಕೆ ಅಂತಿಮ ಮುದ್ರೆ ಒತ್ತುವಷ್ಟರಲ್ಲಿ 2014ರ ಮಾರ್ಚ್ ಬಂದಿತ್ತು. ಅದರಲ್ಲಿ ನಮಗೆ ಬೇಕಾದದ್ದು ‘ಏರಿಯಾ-ಎಕ್ಸ್‌ಪ್ಯಾಂಡೆಡ್’. ಬಟನ್ನಿನ ಮೇಲೆ ಅದನ್ನಿಟ್ಟು, ತೆರೆದಾಗ ‘ಟ್ರೂ’, ಮುಚ್ಚಿದಾಗ ‘ಫಾಲ್ಸ್’ ಎಂದು ಬದಲಿಸಿದರೆ ಸ್ಕ್ರೀನ್ ರೀಡರ್ ಸ್ಥಿತಿಯನ್ನು ಬಾಯಿಬಿಟ್ಟು ಹೇಳುತ್ತದೆ.

ಬದಲಿಸಬೇಕು, ಅಲ್ಲೇ ಇರುವುದು ಪೇಚು. ಮರೆತರೆ ಬಾಣ ತಿರುಗುತ್ತದೆ, ಉತ್ತರ ಬಿಚ್ಚಿಕೊಳ್ಳುತ್ತದೆ, ಒಳಗಿನ ‘ಫಾಲ್ಸ್’ ಮಾತ್ರ ಹಾಗೇ ಉಳಿದಿರುತ್ತದೆ. ಪರೀಕ್ಷಿಸುವವರು ಕಣ್ಣಿಂದ ನೋಡಿ ‘ಓಕೆ’ ಅನ್ನುತ್ತಾರೆ. ಜಾಣ ಡೆವಲಪರ್‌ಗಳು ಬಾಣವನ್ನು ಆ ‘ಟ್ರೂ-ಫಾಲ್ಸ್’ಗೇ ಕಟ್ಟಿಹಾಕುತ್ತಾರೆ, ಅದು ಬದಲಾಗದಿದ್ದರೆ ಬಾಣವೂ ತಿರುಗದು, ದೋಷ ಎಲ್ಲರ ಕಣ್ಣಿಗೂ ಬೀಳುತ್ತದೆ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಸೊಗಸಾದ ಉಪಾಯವಿಲ್ಲ.

ಈ ಉಸಾಬರಿಯೇ ಬೇಡವೆನ್ನುವವರಿಗೆ ಎಚ್‌ಟಿಎಂಎಲ್‌ನಲ್ಲೇ ‘ಡೀಟೇಲ್ಸ್’ ಮತ್ತು ‘ಸಮ್ಮರಿ’ ಎಂಬ ಸಿದ್ಧ ಟ್ಯಾಗ್‌ಗಳಿವೆ. ಜಾವಾಸ್ಕ್ರಿಪ್ಟ್ ಬೇಡ, ಕೀಬೋರ್ಡಿಗೂ ಒಲಿಯುತ್ತವೆ. ಆದರೆ ಕ್ರೋಮ್ 2011ರಲ್ಲೇ ಒಪ್ಪಿಕೊಂಡದ್ದನ್ನು ಫೈರ್‌ಫಾಕ್ಸ್ ಒಪ್ಪಲು 2016 ಆಯಿತು, ಎಡ್ಜ್‌ಗೆ 2020. ಅಷ್ಟರೊಳಗೆ ಡಿವ್‌ನಲ್ಲಿ ಕಟ್ಟಿದ ಇಂಥ ಬಿಚ್ಚು-ಮಡಚು ಪಟ್ಟಿಗಳು ಜಾಲದ ತುಂಬ ಹಬ್ಬಿದ್ದವು.

2023ರ ಕೊನೆಗೆ ಕ್ರೋಮ್‌ನಲ್ಲಿ ಹೊಸ ಸೌಲಭ್ಯ ಬಂತು. ಹಲವು ಡೀಟೇಲ್ಸ್‌ಗೆ ಒಂದೇ ಹೆಸರಿಟ್ಟರೆ, ಒಂದು ತೆರೆದಾಗ ಮೊದಲೇ ತೆರೆದಿದ್ದದ್ದು ತಾನಾಗಿ ಮುಚ್ಚಿಕೊಳ್ಳುತ್ತದೆ. ನೋಡಲು ಅಚ್ಚುಕಟ್ಟು. ಆದರೆ ಎರಡು ಉತ್ತರಗಳನ್ನು ಹೋಲಿಸಿ ಕೇಳಬೇಕೆಂದವರು ಎರಡನೆಯದನ್ನು ತೆರೆದರೆ, ಅದು ತೆರೆದದ್ದಷ್ಟೇ ಕಿವಿಗೆ ಬೀಳುತ್ತದೆ. ಮೊದಲಿನದು ಮುಚ್ಚಿಹೋಯಿತೆಂದು ತಿಳಿಯಲು ಹಿಂದಕ್ಕೆ ಹೋಗಿ ಹುಡುಕಬೇಕು.