‘ಇದನ್ನು ಓದಿ’ ಎಂಬ ಮಾತು ನಡೆದು ಬಂದ ಬಗೆ

ಒಳ್ಳೆಯ ಪುಸ್ತಕವೊಂದು ಕೈಗೆ ಸಿಕ್ಕಿದಾಗ ಅದನ್ನು ಓದಿ ಮುಗಿಸುವವರೆಗೂ ಸುಮ್ಮನಿರುವ ತಾಳ್ಮೆ ಸಾಮಾನ್ಯವಾಗಿ ಯಾರಿಗೂ ಇರುವುದಿಲ್ಲ. ಅರ್ಧ ಓದಿರುವಾಗಲೇ ಮನೆಯವರನ್ನೋ ಗೆಳೆಯರನ್ನೋ ಕರೆದು, ‘ಇಲ್ಲಿ ಕೇಳಿ, ಎಷ್ಟು ಚೆನ್ನಾಗಿ ಬರೆದಿದ್ದಾರೆ’ ಎಂದು ಒಂದು ಪುಟವನ್ನಾದರೂ ಓದಿ ಹೇಳಿದ ಹೊರತು ಆ ಸಂತೋಷವು ಪೂರ್ಣವಾಗುವುದಿಲ್ಲ. ಇದು ಬಿಡುವಿನ ವೇಳೆಯ ಮಾತುಕತೆಯೆಂದು ತಿಳಿದು ನಾವು ಇದರ ಚರಿತ್ರೆಯನ್ನು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಆದರೆ ಕನ್ನಡ ನಾಡಿನಲ್ಲಿ ಈ ಮಾತಿಗೆ ಸಾವಿರ ವರ್ಷಕ್ಕೂ ಮಿಕ್ಕ ಚರಿತ್ರೆಯುಂಟು. ಅದನ್ನು ಆದಿಯಿಂದ ನೋಡುತ್ತ ಬಂದರೆ, ‘ಇದನ್ನು ಓದಿ’ ಎಂದವರಲ್ಲಿ ಸ್ಮರಣೀಯರಾದವರೆಲ್ಲರೂ ಆ ಪುಸ್ತಕವು ಇನ್ನೊಬ್ಬರ ಕೈಸೇರುವವರೆಗಿನ ಶ್ರಮವನ್ನೂ ವೆಚ್ಚವನ್ನೂ ತಾವೇ ಹೊತ್ತವರೆಂಬುದು ಸ್ಪಷ್ಟವಾಗುತ್ತದೆ.

ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದ ‘ಕವಿರಾಜಮಾರ್ಗ’ದಲ್ಲಿಯೇ, ಎಂದರೆ ರಾಷ್ಟ್ರಕೂಟ ನೃಪತುಂಗನ ಆಶ್ರಯದಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ ಆ ಲಕ್ಷಣಗ್ರಂಥದಲ್ಲಿಯೇ, ಮನ್ನಣೆಗೆ ತಕ್ಕ ಗ್ರಂಥಕರ್ತರ ಹೆಸರುಗಳು ಒಂದೆಡೆ ಪೋಣಿಸಿಟ್ಟಂತೆ ಬರುತ್ತವೆ: ಗದ್ಯದಲ್ಲಿ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರು, ಪದ್ಯದಲ್ಲಿ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದವರು. ಕನ್ನಡದಲ್ಲಿ ಇಂಥವರನ್ನು ಓದಬೇಕೆಂದು ಬಲ್ಲವರೊಬ್ಬರು ಮಾಡಿಕೊಟ್ಟ ಮೊತ್ತಮೊದಲ ಪಟ್ಟಿ ಇದೆಂದು ನಾನು ತಿಳಿದಿದ್ದೇನೆ. ಆದರೆ ಆ ಗದ್ಯಕಾರರು ಕನ್ನಡದಲ್ಲಿ ಬರೆದ ಒಂದು ಕೃತಿಯೂ ನಮ್ಮವರೆಗೆ ಬಂದಿಲ್ಲ. ಹೊಗಳಿಕೆ ಉಳಿಯಿತು, ಹೊಗಳಿಸಿಕೊಂಡ ಗ್ರಂಥ ಅಳಿಯಿತು. ಮುಂದಿನ ಅನೇಕ ಕವಿಗಳು ತಮ್ಮ ಕಾವ್ಯದ ಪೀಠಿಕೆಯಲ್ಲಿ ಪೂರ್ವಕವಿಗಳನ್ನು ಸ್ತುತಿಸುವ ಸಂಪ್ರದಾಯವನ್ನು ಭಕ್ತಿಯಿಂದ ನಡೆಸಿಕೊಂಡು ಬಂದರಾದರೂ, ಸ್ತುತಿಯೊಂದರಿಂದಲೇ ಓಲೆಯ ಕಟ್ಟು ಗೆದ್ದಲಿನಿಂದ ಪಾರಾಗುವುದಿಲ್ಲವಷ್ಟೆ.

ಈ ಸತ್ಯವನ್ನು ಚೆನ್ನಾಗಿ ಅರಿತಿದ್ದವಳು ದಾನಚಿಂತಾಮಣಿ ಅತ್ತಿಮಬ್ಬೆ. ಅವಳ ತಂದೆ ಮಲ್ಲಪಯ್ಯನೂ ಚಿಕ್ಕಪ್ಪ ಪುನ್ನಮಯ್ಯನೂ ತಮ್ಮ ಗುರುಗಳಾದ ಜಿನಚಂದ್ರದೇವರ ಸ್ಮರಣಾರ್ಥವಾಗಿ ಪೊನ್ನಕವಿಯಿಂದ ‘ಶಾಂತಿಪುರಾಣ’ವನ್ನು ಬರೆಯಿಸಿದ್ದರು. ಹೀಗೆ ಮನೆತನದ ಅಭಿಮಾನದಲ್ಲಿ ಹುಟ್ಟಿದ ಆ ಕಾವ್ಯವನ್ನು, ಚಾಲುಕ್ಯ ತೈಲಪನ ಕಾಲದಲ್ಲಿ ಪತಿ ನಾಗದೇವನನ್ನು ಕಳೆದುಕೊಂಡು ವ್ರತಸ್ಥೆಯಾಗಿದ್ದ ಈ ಮಹಿಳೆಯು ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಸಾವಿರವೆಂಬ ಆ ಸಂಖ್ಯೆಯನ್ನು ಅಚ್ಚಿನ ಯುಗದಲ್ಲಿ ಹುಟ್ಟಿದ ನಾವು ಕೇಳಿದೊಡನೆ ಬೆರಗಾಗುವುದಿಲ್ಲ. ಏಕೆಂದರೆ ಕನ್ನಡದಲ್ಲಿ ಒಂದು ಪುಸ್ತಕದ ಮೊದಲ ಮುದ್ರಣವು ಬಹುಕಾಲ ಸಾಮಾನ್ಯವಾಗಿ ಸಾವಿರ ಪ್ರತಿಗಳದೇ ಆಗಿತ್ತು. ಆದರೆ ಅಂದಿನ ಒಂದೊಂದು ಪ್ರತಿಯ ಹಿಂದಿದ್ದ ಕೆಲಸವನ್ನು ತುಸು ನೆನೆದುಕೊಳ್ಳಬೇಕು. ತಾಳೆಯ ಗರಿಗಳನ್ನು ತಂದು ನೀರಿನಲ್ಲಿ ಬೇಯಿಸಿ, ನೆರಳಿನಲ್ಲಿ ಒಣಗಿಸಿ, ಉಜ್ಜಿ ನಯಮಾಡಿ, ಒಂದೇ ಅಳತೆಗೆ ಕತ್ತರಿಸಿ, ದಾರ ಪೋಣಿಸಲು ರಂಧ್ರ ಕೊರೆಯಬೇಕು. ಲಿಪಿಕಾರನು ಎಡಗೈಯಲ್ಲಿ ಗರಿಯನ್ನು ಹಿಡಿದು ಬಲಗೈಯ ಕಂಟವೆಂಬ ಮೊನಚಾದ ಲೇಖನಿಯಿಂದ ಅಕ್ಷರಗಳನ್ನು ಕೊರೆಯಬೇಕು. ಒತ್ತು ಹೆಚ್ಚಾದರೆ ಗರಿ ಸೀಳುವುದು, ಕಡಮೆಯಾದರೆ ಅಕ್ಷರ ಮೂಡದು. ಕೊರೆದಾದ ಮೇಲೆ ದೀಪದ ಮಸಿಯನ್ನು ಬಳಿದು ಒರೆಸಿದಾಗಲೇ ಬರೆಹವು ಕಣ್ಣಿಗೆ ಕಾಣುವುದು. ಒಂದು ದೊಡ್ಡ ಚಂಪೂಕಾವ್ಯದ ಒಂದು ಪ್ರತಿಗೆ ಇಷ್ಟು; ಅತ್ತಿಮಬ್ಬೆ ಮಾಡಿಸಿದ್ದು ಇದರ ಸಾವಿರ ಪಟ್ಟು. ‘ಶಾಂತಿಪುರಾಣ’ವನ್ನು ನಾವು ಇಂದಿಗೂ ಓದಬಲ್ಲೆವು. ಇದಕ್ಕೆ ಅವಳೊಬ್ಬಳೇ ಕಾರಣಳೆಂದು ಹೇಳಲಾಗದಿದ್ದರೂ, ಕನ್ನಡದಲ್ಲಿ ಪುಸ್ತಕವೊಂದನ್ನು ಪರರಿಗೆ ಶಿಫಾರಸು ಮಾಡಿದವರಲ್ಲಿ ಅಗ್ರಸ್ಥಾನವು ಅವಳಿಗೇ ಸಲ್ಲತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. ರನ್ನನು 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದುದೂ ಇವಳ ಆಶ್ರಯದಲ್ಲಿಯೇ.

ಅಲ್ಲಿಂದ ಮುಂದೆ ಪುಸ್ತಕವನ್ನು ಪರರಿಗೆ ಓದಿಸುವ ಈ ಕಾರ್ಯವು ಬೇರೆ ಬೇರೆ ರೂಪಗಳನ್ನು ತಾಳಿತು. 13ನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ತಾನು ಮೆಚ್ಚಿದ ಪದ್ಯಗಳನ್ನು ಅನೇಕ ಕಾವ್ಯಗಳಿಂದ ಆಯ್ದು ‘ಸೂಕ್ತಿಸುಧಾರ್ಣವ’ವೆಂದು ಸಂಕಲಿಸಿದನು, ಮೂಲಕಾವ್ಯವೇ ಕಾಣೆಯಾದ ಎಷ್ಟೋ ಪದ್ಯಗಳು ಇವನ ಮೆಚ್ಚುಗೆಯಿಂದಲೇ ಬದುಕಿಕೊಂಡವು. ಅಕ್ಷರ ಬಾರದವರಿಗೆ ಗಮಕಿಗಳಿದ್ದರು. ಊರಿನ ಜಗಲಿಯ ಮೇಲೆ ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನೋ ಒಬ್ಬರು ರಾಗವಾಗಿ ಓದಿ, ಇನ್ನೊಬ್ಬರು ಅರ್ಥವಿವರಿಸುತ್ತಿದ್ದ ಆ ರಾತ್ರಿಗಳಲ್ಲಿ, ಕೇಳುತ್ತ ಕುಳಿತವರ ‘ಆಹಾ’ಕಾರವೇ ವಿಮರ್ಶೆ, ‘ನಾಳೆ ಕರ್ಣಪರ್ವ ಆಗಲಿ’ ಎಂಬ ಕೋರಿಕೆಯೇ ಶಿಫಾರಸು.

ಅಚ್ಚುಮೊಳೆಯ ಯುಗವು ಬಂದ ಮೇಲೆ ಪ್ರತಿಗಳ ಕಷ್ಟ ತೀರಿತು. ಓದುಗರನ್ನು ಹುಡುಕುವ ಕಷ್ಟ ಆರಂಭವಾಯಿತು. ಬಾಸೆಲ್ ಮಿಷನ್ನಿನವರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ತರುವಾಯ ಅರ್ಧ ಶತಮಾನದೊಳಗೆ ನಾಡಿನ ನಾನಾ ಕಡೆಗಳಲ್ಲಿ ಮುದ್ರಣಾಲಯಗಳು ತಲೆಯೆತ್ತಿದವು, ಬಿ. ವೆಂಕಟಾಚಾರ್ಯರು ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಆದರೆ ಹಣ ಕೊಟ್ಟು ಪುಸ್ತಕವನ್ನು ಕೊಳ್ಳುವುದೆಂಬುದೇ ಬಹುಮಂದಿಗೆ ಹೊಸತಾಗಿತ್ತು. ಇಂತಹ ಕಾಲದಲ್ಲಿ ಗಳಗನಾಥರು, ಎಂದರೆ ಹಾವೇರಿ ಸೀಮೆಯ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು, ಕಾದಂಬರಿಗಳನ್ನು ತಾವೇ ಬರೆದು, ಪ್ರಕಟಿಸಿ, ಅವುಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಇದನ್ನು ಕೇಳಿದವರು ಮರುಗುವುದುಂಟು. ಆದರೆ ನನಗೆ ಇದರಲ್ಲಿ ಮರುಕಕ್ಕಿಂತ ಗೌರವಕ್ಕೆ ಹೆಚ್ಚು ಆಸ್ಪದ ಕಾಣುತ್ತದೆ. ಗ್ರಂಥಕರ್ತನೇ ಮನೆಯ ಮುಂದೆ ಬಂದು ಗಂಟು ಬಿಚ್ಚಿದಾಗ, ‘ಇದರಲ್ಲಿ ಏನಿದೆ, ರಾಯರೆ? ಹೆಣ್ಣುಮಕ್ಕಳ ಕೈಗೆ ಕೊಡಬಹುದೆ?’ ಎಂದು ಮನೆಯ ಯಜಮಾನರು ಕೇಳಿರಬೇಕು. ಅವರು ಕುಳಿತು ವಿವರಿಸಿರಬೇಕು. ಮುಂದಿನ ಸಲ ಬಂದಾಗ ಓದಿದವರು ತಮ್ಮ ಮೆಚ್ಚುಗೆಯನ್ನೂ ಆಕ್ಷೇಪಣೆಯನ್ನೂ ಮುಖಾಮುಖಿಯಾಗಿ ಒಪ್ಪಿಸಿರಬೇಕು. ಅಗಡಿಯ ಆನಂದವನದಿಂದ ಅವರು ಸಂಪಾದಿಸುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯು ಉತ್ತರ ಕರ್ನಾಟಕದ ಮನೆಮನೆಗಳನ್ನು ಹೊಕ್ಕುದಕ್ಕೆ ಈ ಕಾಲ್ನಡಿಗೆಯ ಪರಿಚಯವೂ ಕಾರಣವಾಗಿದ್ದರೆ ಆಶ್ಚರ್ಯವಿಲ್ಲ.

ಇತ್ತ ಲಿಖಿತ ರೂಪದ ವಿಮರ್ಶೆಯು ಮಾಸಪತ್ರಿಕೆ ತ್ರೈಮಾಸಿಕಗಳಲ್ಲಿ ನೆಲೆಗೊಂಡಿತು. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ‘ವಾಗ್ಭೂಷಣ’, 1915ರಲ್ಲಿ ಸ್ಥಾಪಿತವಾದ ಸಾಹಿತ್ಯ ಪರಿಷತ್ತಿನ ಪತ್ರಿಕೆ, ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳ ಶ್ರದ್ಧೆಯಿಂದ 1919ರಲ್ಲಿ ಹೊರಟ ‘ಪ್ರಬುದ್ಧ ಕರ್ಣಾಟಕ’, ಮುಂದೆ ಮಾಸ್ತಿಯವರು ನಡೆಸಿದ ‘ಜೀವನ’ ಇವೆಲ್ಲವೂ ಈ ಕೆಲಸವನ್ನು ಮಾಡಿದವು. ಪ್ರಕಾಶಕರು ಎರಡೆರಡು ಪ್ರತಿಗಳನ್ನು ಕಳುಹಿಸುವರು, ಬಂದ ಪುಸ್ತಕಗಳ ಹೆಸರು ‘ಸಾದರ ಸ್ವೀಕಾರ’ವೆಂಬ ಶೀರ್ಷಿಕೆಯ ಕೆಳಗೆ ಅಚ್ಚಾಗುವುದು, ಅವುಗಳಲ್ಲಿ ಕೆಲವಕ್ಕೆ ಮಾತ್ರ ವಿಮರ್ಶೆಯ ಭಾಗ್ಯ. ಉದಯೋನ್ಮುಖ ಲೇಖಕರಿಗೆ ಉತ್ತೇಜನ ಕೊಡಬೇಕೆಂಬ ಸದುದ್ದೇಶದಿಂದ ಬರೆದ ವಿಮರ್ಶೆಗಳಲ್ಲಿ ಔದಾರ್ಯವು ಹೆಚ್ಚಿ ವಿವೇಚನೆ ಕುಂದಿದ್ದುಂಟು. 1962ರಲ್ಲಿ ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ ಪತ್ರಿಕೆಯು ಬಂದ ಮೇಲೆ ಆ ಸಡಿಲವು ಬಿಗಿಯಾಯಿತು; ಕನ್ನಡ ವಿಮರ್ಶೆಗೆ ಅದರಿಂದ ಆದ ಲಾಭವು ದೊಡ್ಡದು. ಆದರೂ ‘ಈ ಪುಸ್ತಕವನ್ನು ಈ ರಾತ್ರಿ ಕೈಗೆತ್ತಿಕೊಳ್ಳಲೆ?’ ಎಂದು ಕೇಳುವ ಸಾಮಾನ್ಯ ವಾಚಕನಿಗೆ ಉತ್ತರವು ಬೇರೆ ಕಡೆಯಿಂದಲೇ ಬರಬೇಕಾಗಿತ್ತು.

ಆ ಉತ್ತರವನ್ನು ಕೊಡುವ ಒಂದು ಅಪೂರ್ವ ಏರ್ಪಾಡು ‘ಸಾಕ್ಷಿ’ಗೂ ಬಹಳ ಮೊದಲೇ ಧಾರವಾಡದಲ್ಲಿ ಹುಟ್ಟಿತ್ತು. ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಕ್ರಮವು ಇದು: ಓದುಗನು ವರ್ಷದ ಚಂದಾ ಹಣವನ್ನು ಮುಂಗಡವಾಗಿ ಕಳುಹಿಸಿಬಿಡಬೇಕು, ಯಾವ ಪುಸ್ತಕಗಳು ಬರುವುವೆಂಬುದನ್ನು ಗ್ರಂಥಮಾಲೆಯವರೇ ನಿಶ್ಚಯಿಸಿ ಅಂಚೆಯಲ್ಲಿ ಕಳುಹಿಸುವರು. ಹಣವೂ ಆಯ್ಕೆಯೂ ಎರಡೂ ಅನ್ಯರ ವಿವೇಕಕ್ಕೆ ಒಪ್ಪಿಸಿದಂತಾಯಿತು. ಹೀಗೆ ಒಪ್ಪಿಸುವಷ್ಟು ವಿಶ್ವಾಸವು ದೂರದ ಹಳ್ಳಿಯ ಮಾಸ್ತರರಲ್ಲಿಯೂ ಹುಟ್ಟಬೇಕಾದರೆ, ಇತ್ತ ಧಾರವಾಡದಲ್ಲಿ ಆಯ್ಕೆಯು ಎಷ್ಟು ಎಚ್ಚರದಿಂದ ನಡೆಯಬೇಕು! ಅದು ನಡೆಯುತ್ತಿದ್ದುದು ಸುಭಾಷ ರಸ್ತೆಯ ಮಹಡಿಯೊಂದರ ಮೇಲೆ, ಸಾಹಿತ್ಯವಲಯದಲ್ಲೆಲ್ಲ ‘ಅಟ್ಟ’ವೆಂದೇ ಪ್ರಸಿದ್ಧವಾದ ಗ್ರಂಥಮಾಲೆಯ ಕಚೇರಿಯಲ್ಲಿ. ಬೇಂದ್ರೆಯವರು ಹತ್ತಿದ ಮೆಟ್ಟಲು ಅದು. ಕೀರ್ತಿನಾಥ ಕುರ್ತಕೋಟಿಯವರು ಸಾಹಿತ್ಯ ಸಲಹೆಗಾರರಾಗಿ ಹಸ್ತಪ್ರತಿಗಳನ್ನು ಓದಿ ತೂಗಿ ನೋಡುತ್ತಿದ್ದ ಸ್ಥಳ ಅದು. ತರುಣ ಗಿರೀಶ ಕಾರ್ನಾಡರೂ ಎ. ಕೆ. ರಾಮಾನುಜನ್ನರೂ ಬಂದು ಕೂಡುತ್ತಿದ್ದ ಬೈಠಕ್ಕು ಅದು. ಕಾರ್ನಾಡರ ‘ಯಯಾತಿ’, ಶಾಂತಿನಾಥ ದೇಸಾಯಿಯವರ ‘ಮುಕ್ತಿ’, 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಈ ಅಟ್ಟದಿಂದಲೇ ಇಳಿದು ಬಂದವು. ಇವುಗಳಲ್ಲಿ ಯಾವುದೊಂದೂ ಓದುಗನು ತಾನಾಗಿ ಕೇಳಿ ಪಡೆಯುವಂತಹ ಪುಸ್ತಕವಾಗಿರಲಿಲ್ಲ. ಹೆಸರೇ ಕೇಳಿರದ ತರುಣರ ಬರೆಹವನ್ನು ‘ಇದನ್ನು ಓದಿ ನೋಡಿ’ ಎಂದು ಧೈರ್ಯವಾಗಿ ಕಳುಹಿಸಿದವರಿಗೂ, ನಂಬಿ ಬಿಚ್ಚಿ ಓದಿದ ಚಂದಾದಾರರಿಗೂ ನವ್ಯಸಾಹಿತ್ಯವು ಸಮಾನವಾಗಿ ಋಣಿಯಾಗಿದೆ.

ಪುಸ್ತಕವನ್ನು ಕೊಳ್ಳಲಾಗದವರಿಗೆ ಅದರ ಸಾರವನ್ನಾದರೂ ಮುಟ್ಟಿಸೋಣವೆಂದು ಹೊರಟದ್ದು 1956ರಲ್ಲಿ ಹುಬ್ಬಳ್ಳಿಯಿಂದ ಆರಂಭವಾದ ‘ಕಸ್ತೂರಿ’ ಮಾಸಪತ್ರಿಕೆ. ಪಾ. ವೆಂ. ಆಚಾರ್ಯರ ಸಂಪಾದಕತ್ವದಲ್ಲಿ ಅದರ ಕೊನೆಯ ಪುಟಗಳಲ್ಲಿ ಬರುತ್ತಿದ್ದ ‘ಪುಸ್ತಕ ವಿಭಾಗ’ವು ತಿಂಗಳಿಗೊಂದು ಗ್ರಂಥವನ್ನು ಸಂಗ್ರಹಿಸಿ ಕೊಡುತ್ತಿತ್ತು. ದೇಶಾಂತರದ ಭಾಷೆಗಳ ಗ್ರಂಥಗಳನ್ನು ಮೂಲದಲ್ಲಿ ಓದುವ ಅವಕಾಶವೇ ಇಲ್ಲದ ಎಷ್ಟೋ ಕನ್ನಡಿಗರು ಆ ಭಾಷೆಗಳ ಮಹಾಲೇಖಕರನ್ನು ಮೊದಲು ಕಂಡದ್ದು ಅಲ್ಲಿಯೇ. ಸಂಗ್ರಹವು ಮೂಲಕ್ಕೆ ಸಾಟಿಯಲ್ಲವೆಂಬ ಆಕ್ಷೇಪವು ನಿಜವಾದರೂ, ಬಾಗಿಲು ತೋರಿಸಿಕೊಟ್ಟವರ ಉಪಕಾರವನ್ನು ಅದರಿಂದ ಅಲ್ಲಗಳೆಯಲಾಗದು.

ಪೇಟೆಗಳಲ್ಲಿ ಇದೇ ಕಾಲಕ್ಕೆ ಬೆಳೆದ ಇನ್ನೊಂದು ಸಂಸ್ಥೆಯನ್ನು ಸಾಹಿತ್ಯ ಚರಿತ್ರೆಕಾರರು ಅಷ್ಟಾಗಿ ಗಣಿಸಿಲ್ಲ. ಅದು ಸರ್ಕ್ಯುಲೇಟಿಂಗ್ ಲೈಬ್ರರಿ. ಹತ್ತಡಿ ಅಗಲದ ಕೋಣೆ, ಸೂರಿನವರೆಗೆ ಕಪಾಟು, ಖಾಕಿ ಕಾಗದದ ಹೊದಿಕೆ ಹಾಕಿ ಬೆನ್ನಿಗೆ ದಪ್ಪ ದಾರದಿಂದ ಹೊಲಿದ ಕಾದಂಬರಿಗಳು, ಡಿಪಾಜಿಟ್ಟು, ದಿನದ ಬಾಡಿಗೆ, ಹೆಸರು ಬರೆದುಕೊಳ್ಳುವ ಉದ್ದನೆಯ ಲೆಕ್ಕದ ಪುಸ್ತಕ. ಅನಕೃ, ತರಾಸು, ತ್ರಿವೇಣಿ, ಎಂ. ಕೆ. ಇಂದಿರಾ ಇವರ ಕಾದಂಬರಿಗಳು ಮಧ್ಯಾಹ್ನದ ಕೆಲಸ ಮುಗಿಸಿದ ಗೃಹಿಣಿಯರ ಕೈಗೆ ಬಂದದ್ದು ಬಹುಮಟ್ಟಿಗೆ ಈ ಕೋಣೆಗಳಿಂದಲೇ. ‘ತ್ರಿವೇಣಿಯವರದು ಒಂದು ಇವತ್ತು ತಾನೇ ವಾಪಸು ಬಂದಿದೆ, ಅಮ್ಮಾ, ನಿಮಗೇಂತ ತೆಗೆದಿಟ್ಟಿದ್ದೀನಿ’ ಎನ್ನುವ ಅಂಗಡಿಯವನು ತನ್ನ ಒಬ್ಬೊಬ್ಬ ಗಿರಾಕಿಯ ಅಭಿರುಚಿಯನ್ನೂ ಬಲ್ಲವನಾಗಿದ್ದನು. ಆ ಪುಸ್ತಕಗಳ ಕೊನೆಯ ಖಾಲಿ ಪುಟವೇ ಓದುಗರ ಸಭೆ. ಒಬ್ಬರು ಸೀಸದ ಕಡ್ಡಿಯಲ್ಲಿ ‘ತುಂಬಾ ಚೆನ್ನಾಗಿದೆ, ಎಲ್ಲರೂ ಓದಿ’ ಎಂದು ಬರೆದರೆ, ಕೆಳಗೆ ಮತ್ತೊಂದು ಕೈ ‘ನಾಯಕಿಗೆ ಹೀಗೆ ಆಗಬಾರದಿತ್ತು’ ಎಂದು ನೊಂದುಕೊಳ್ಳುವುದು. ಅದಕ್ಕೂ ಕೆಳಗೆ ಶಾಯಿಯಲ್ಲಿ ಮೂರನೆಯವರು ‘ಜೀವನದಲ್ಲಿ ಹೀಗೇ ಆಗುವುದು’ ಎಂದು ಉತ್ತರಿಸುವರು. ಪುಸ್ತಕವನ್ನು ಗೀಚಿ ಕೆಡಿಸಬಾರದೆಂಬ ನಿಯಮವನ್ನು ನಾನು ಒಪ್ಪುವವನೇ. ಆದರೂ ಪರಸ್ಪರ ಮುಖವನ್ನೇ ನೋಡಿರದ ಆ ಹೆಂಗಸರ ಮಾತುಗಳನ್ನು ಯಾರಾದರೂ ಸಂಗ್ರಹಿಸಿಟ್ಟಿದ್ದರೆ, ಕನ್ನಡ ಕಾದಂಬರಿಯು ಓದುಗರ ಹೃದಯದಲ್ಲಿ ಏನು ಮಾಡಿತೆಂಬುದಕ್ಕೆ ಅದಕ್ಕಿಂತ ನಂಬತಕ್ಕ ದಾಖಲೆಯು ಬೇರೆ ಇರುತ್ತಿರಲಿಲ್ಲ.

ಆ ಲೈಬ್ರರಿಗಳಲ್ಲಿ ಹೆಚ್ಚಿನವು ಈಗ ಮುಚ್ಚಿವೆ. ಅವುಗಳ ಬದಲು ಬೆಂಗಳೂರು, ಮೈಸೂರು, ಧಾರವಾಡ, ಶಿವಮೊಗ್ಗಗಳಲ್ಲಿ ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಕೂಡಿ, ಸದ್ಯ ತಾವು ಓದುತ್ತಿರುವ ಪುಸ್ತಕವನ್ನು ಕುರಿತು ಒಬ್ಬೊಬ್ಬರೂ ಹೇಳುವ ಪದ್ಧತಿಯೊಂದು ಬೆಳೆದಿದೆ. ಇಂತಹ ಕೂಟಗಳಲ್ಲಿ ನನಗೆ ಮೆಚ್ಚುಗೆಯಾದುವು, ಮಾತನಾಡುವವರು ಆ ಪುಸ್ತಕವನ್ನು ಜೊತೆಯಲ್ಲಿ ತಂದು, ಮಾತು ಮುಗಿದೊಡನೆ ಬೇಕೆಂದವರ ಕೈಗೆ ಕೊಟ್ಟು ಕಳುಹಿಸುವಂಥವು. ಕೇವಲ ಹೆಸರನ್ನು ಕೇಳಿ ಹೋದವರಲ್ಲಿ ಓದುವವರು ಕೆಲವರು. ಪುಸ್ತಕವನ್ನೇ ಚೀಲದಲ್ಲಿಟ್ಟುಕೊಂಡು ಹೋದವರಲ್ಲಿ ಓದದಿರುವವರು ಕೆಲವರು.

ನಾನು ಈಗ ಓದುತ್ತಿರುವುದು ಗಳಗನಾಥರ ‘ಮಾಧವ ಕರುಣಾವಿಲಾಸ’. ವಿಜಯನಗರದ ಸ್ಥಾಪನೆಯ ಕಾಲವನ್ನು ಕುರಿತ ದೊಡ್ಡ ಕಾದಂಬರಿ. ಭಾಷೆ ಇಂದಿನದಲ್ಲ, ನಡೆ ಸಾವಕಾಶದ್ದು, ಮೊದಲ ಅಧ್ಯಾಯಗಳು ತಾಳ್ಮೆಯನ್ನು ಬೇಡುತ್ತವೆ. ಕಣ್ಣಿನಲ್ಲಿ ಓದಿ ಬೇಸರಪಟ್ಟವರು ಒಂದೆರಡು ಪುಟಗಳನ್ನು ಗಟ್ಟಿಯಾಗಿ ಓದಿ ನೋಡಿದರೆ ವಾಕ್ಯಗಳು ತಾವಾಗಿಯೇ ಬಿಚ್ಚಿಕೊಳ್ಳುವುವು. ಅಂಗಡಿಗಳಲ್ಲಿ ಸಿಗದಿದ್ದರೆ ಊರಿನ ಹಳೆಯ ಗ್ರಂಥಾಲಯಗಳಲ್ಲಿ ವಿಚಾರಿಸಬೇಕು. ನನ್ನಲ್ಲಿರುವ ಪ್ರತಿಯನ್ನು ನೆರೆಮನೆಯ ನಿವೃತ್ತ ಶಿಕ್ಷಕಿಯೊಬ್ಬರು ಆಗಲೇ ಕೇಳಿಟ್ಟಿದ್ದಾರೆ. ಅವರ ತರುವಾಯ ಅವರ ಸೊಸೆಗೆ ಬೇಕಂತೆ.