ಕೃಷ್ಣವಿವರದ ಕೊನೆಯ ನಾದ

ಮೇಜಿನ ಮೇಲೆ ನುಣುಪಾದ ಉಕ್ಕಿನ ಗುಂಡೊಂದಿದೆ ಎನ್ನೋಣ. ನಾವು ಕಣ್ಣು ಮುಚ್ಚಿರುವಾಗ ಯಾರಾದರೂ ಅದನ್ನು ಇದ್ದಲ್ಲಿಯೇ ಹೊರಳಿಸಿಟ್ಟರೆ ನಮಗೆ ಗೊತ್ತಾಗುವುದೆ? ಇಲ್ಲ. ಹೀಗೆ ಹೊರಳಿಸಿದರೂ ವ್ಯತ್ಯಾಸ ತೋರದಿರುವ ಗುಣಕ್ಕೆ ಗೋಳ ಸಮಮಿತಿ ಎಂದು ಹೆಸರು.

ಐನ್‌ಸ್ಟೀನರು 1915ರಲ್ಲಿ ಮಂಡಿಸಿದ ಸಿದ್ಧಾಂತದಂತೆ ಪ್ರತಿಯೊಂದು ವಸ್ತುವೂ ತನ್ನ ಸುತ್ತಣ ದೇಶಕಾಲವನ್ನು ಬಾಗಿಸುತ್ತದೆ. ಈ ಬಾಗುವಿಕೆಯ ಕಂಪನವು ದೂರಕ್ಕೆ ಹರಡಿದರೆ ಅದೇ ಗುರುತ್ವ ತರಂಗ. ಆದರೆ ಎಲ್ಲ ಚಲನೆಯೂ ತರಂಗವನ್ನು ಹುಟ್ಟಿಸಲಾರದು. ನಕ್ಷತ್ರವೊಂದು ತನ್ನ ಗೋಳ ಸಮಮಿತಿಯನ್ನು ಕೆಡಿಸಿಕೊಳ್ಳದೆ ಎಷ್ಟೇ ಹಿಗ್ಗಲಿ, ಕುಗ್ಗಲಿ, ಅದರ ಹೊರಗಣ ದೇಶಕಾಲ ಕಿಂಚಿತ್ತೂ ಬದಲಾಗದು. 1923ರಲ್ಲಿ ಬರ್ಕಾಫ್ ಪ್ರಕಟಿಸಿದ ಪ್ರಮೇಯದ ತಾತ್ಪರ್ಯವಿದು.

ಹಾಗಾದರೆ ಕೃಷ್ಣವಿವರದ ಗೋಳ ಸಮಮಿತಿಯನ್ನು ಯಾವುದಾದರೂ ಕದಡಿದರೆ ಏನಾಗುವುದು? ಬೆಂಗಳೂರಿನಲ್ಲಿ ಜನಿಸಿದ ಸಿ. ವಿ. ವಿಶ್ವೇಶ್ವರ ಅವರು ಅಮೆರಿಕದಲ್ಲಿದ್ದಾಗ ಈ ಪ್ರಶ್ನೆಯನ್ನು ಗಣಿತದಿಂದ ಪರೀಕ್ಷಿಸಿದರು. ಕೃಷ್ಣವಿವರದತ್ತ ಕಿರಿದಾದ ಗುರುತ್ವ ತರಂಗವೊಂದನ್ನು ಕಳುಹಿಸಿದರೆ ಮರಳಿ ಬರುವ ತರಂಗ ಹೇಗಿರುವುದೆಂದು ಲೆಕ್ಕಹಾಕಿ, 1970ರಲ್ಲಿ ಉತ್ತರವನ್ನು ಪ್ರಕಟಿಸಿದರು. ಮರಳಿದ ತರಂಗದ ಕೊನೆಯ ಭಾಗವು ಬರಬರುತ್ತ ಕ್ಷೀಣಿಸುವ ಒಂದು ಕಂಪನ. ದೇವಾಲಯದ ಗಂಟೆಯನ್ನು ಯಾವುದರಿಂದ ಬಡಿದರೂ ಕೊನೆಗೆ ಉಳಿಯುವ ಶ್ರುತಿ ಗಂಟೆಯದೇ ಅಲ್ಲವೆ? ಇಲ್ಲಿಯೂ ಹಾಗೆಯೇ. ಆ ಕಂಪನದ ಆವೃತ್ತಿಯೂ ಅದು ಅಡಗುವ ವೇಗವೂ ಕೃಷ್ಣವಿವರದ ದ್ರವ್ಯರಾಶಿಯನ್ನೇ ಅವಲಂಬಿಸಿರುತ್ತವೆ. ಕೃಷ್ಣವಿವರವು ತನ್ನ ವಿಕಾರವನ್ನು ತರಂಗರೂಪದಲ್ಲಿ ಹೊರಚೆಲ್ಲಿ ಮತ್ತೆ ಗೋಳ ಸಮಮಿತಿಗೆ ಮರಳುತ್ತದೆ.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳೆರಡೂ ಇಂಥ ನಾದವನ್ನು ಗುರುತಿಸಿದುವು. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳಾಚೆ, ಸುಮಾರು 36 ಮತ್ತು 29 ಸೂರ್ಯರಷ್ಟು ದ್ರವ್ಯರಾಶಿಯ ಎರಡು ಕೃಷ್ಣವಿವರಗಳು ಕೂಡಿ 62 ಸೂರ್ಯರಷ್ಟು ದ್ರವ್ಯರಾಶಿಯ ಒಂದಾಗಿದ್ದುವು. ಉಳಿದ 3 ಸೂರ್ಯರಷ್ಟು ದ್ರವ್ಯರಾಶಿ ತರಂಗಗಳ ಶಕ್ತಿಯಾಗಿ ಹೊರಬಿದ್ದಿತ್ತು. ಕೂಡಿದ ಕೃಷ್ಣವಿವರದ ನಾದ ಕೆಲವೇ ಮಿಲಿಸೆಕೆಂಡುಗಳಲ್ಲಿ ಅಡಗಿತು. ಅದು ತನ್ನ ಅಕ್ಷದ ಸುತ್ತ ಇನ್ನೂ ತಿರುಗುತ್ತಿದ್ದರೂ ಗುರುತ್ವ ತರಂಗವನ್ನು ಸೂಸದು. ಓರೆಕೋರೆಯಿಲ್ಲದ ಬುಗುರಿ ನೆಟ್ಟಗೆ ತಿರುಗುವಾಗ ಪ್ರತಿಕ್ಷಣವೂ ಒಂದೇ ತೆರನಾಗಿ ಕಾಣುವಂತೆ, ಅದರ ಸುತ್ತಣ ದೇಶಕಾಲವೂ ಎಂದೆಂದೂ ಒಂದೇ ತೆರನಾಗಿರುವುದೇ ಇದಕ್ಕೆ ಕಾರಣ.

ಈ ನಾದವನ್ನು ಇಷ್ಟು ಸೂಕ್ಷ್ಮವಾಗಿ ಆಲಿಸುವುದೇಕೆ? ತಿರುಗುವ ಕೃಷ್ಣವಿವರದ ಶ್ರುತಿಯನ್ನು ದ್ರವ್ಯರಾಶಿ ಮತ್ತು ಭ್ರಮಣ ಇವೆರಡೇ ನಿರ್ಧರಿಸಬೇಕು. ಶ್ರುತಿ ತಪ್ಪಿತೆಂದರೆ ಅದು ಕೃಷ್ಣವಿವರವಲ್ಲ, ಇಲ್ಲವೆ ಐನ್‌ಸ್ಟೀನರ ಸಿದ್ಧಾಂತವೇ ಅಪೂರ್ಣ. ಲೈಗೋದ ಶೋಧವು 2016ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಮರುವರ್ಷದ ಜನವರಿಯಲ್ಲಿ ವಿಶ್ವೇಶ್ವರ ಅವರು ನಿಧನರಾದರು. ತಾವು ಕಾಗದದ ಮೇಲೆ ಕಂಡಿದ್ದ ನಾದವನ್ನು ಜಗತ್ತು ಕೇಳಿದ್ದನ್ನು ಅವರು ಅರಿತಿದ್ದರು.